ಪೆರುಮಾಳುವಿಗೆ ಇಟ್ಟ ತುತ್ತು

ಉರಿಗಾಂ

ಗೂಡಿನಲ್ಲಿ ಬೋರಲು ಹಾಕಿದ್ದ ಹಿತ್ತಾಳೆ ಲೋಟಗಳು ಯಾರೂ ಮುಟ್ಟದೆಯೇ ಕಿಣಿಕಿಣಿ ಎನ್ನುತ್ತಿದ್ದವು. ಮೊದಲು ಲೋಟ, ಆಮೇಲೆ ತಟ್ಟೆ, ಅದಾದ ಮೇಲೆ ಸೂರಿನ ತಗಡು. ಕೊನೆಗೆ ಕಾಲಡಿಯ ನೆಲ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗಾಗಿ ಎಲ್ಲ ತಣ್ಣಗಾಗುತ್ತಿತ್ತು. ಉರಿಗಾಂನ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದ ನಮಗೆ ಅದರ ಹೆಸರು ಗೊತ್ತಿತ್ತು, ಏರ್ ಬ್ಲಾಸ್ಟ್. ಕೆಳಗೆ, ಗಣಿಯ ಬಹಳ ಆಳದಲ್ಲಿ, ಬಂಡೆಯೊಂದು ಭಾರ ತಾಳಲಾರದೆ ಸಿಡಿದಿದೆ ಎಂದು ಅರ್ಥ. ಹೆಂಗಸರು ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಒಲೆ ಊದುವುದು, ಮಕ್ಕಳನ್ನು ಬೈಯುವುದು ಶುರುವಾಗುತ್ತಿತ್ತು. ಅಷ್ಟು ರೂಢಿಯಾಗಿಬಿಟ್ಟಿತ್ತು.

ಒಂದು ದಿನ ಮಾತ್ರ ಲೋಟಗಳು ನಿಲ್ಲಲೇ ಇಲ್ಲ. ನಾನು ಆಗ ತಾನೇ ಕಾನ್ವೆಂಟಿನಿಂದ ಬಂದು ಶೂಸ್ ಬಿಚ್ಚುತ್ತಿದ್ದೆ. ಒಂದು ಲೋಟ ಉರುಳಿ ಬಂದು ನನ್ನ ಕಾಲಿಗೆ ತಾಗಿತು. ಅಮ್ಮ ಒಲೆಯಿಂದ ಕೊಳ್ಳಿ ಹೊರಗೆಳೆದು, ಅದರ ಮೇಲೆ ನೀರು ಚಿಮುಕಿಸಿ, ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದಳು. ಸಂಜೆ ಅಪ್ಪ ಮೇಲೆ ಬಂದ. ಅಪ್ಪನ ಜೊತೆ ಒಳಗೆ ಮರದ ಆಸರೆ ಕಟ್ಟುತ್ತಿದ್ದ ಪೆರುಮಾಳು ಬರಲಿಲ್ಲ. ಅವನಿದ್ದ ಕಡೆ ಅಗೆಯುವುದು ಉಳಿದವರಿಗೂ ಅಪಾಯವೆಂದು ಆ ಜಾಗವನ್ನು ಮುಚ್ಚಿದರು. ಪೆರುಮಾಳು ಒಳಗೇ ಉಳಿದ.

ಅಂದಿನಿಂದ ಅಪ್ಪ ಊಟದ ಕೊನೆಯ ತುತ್ತು ತಿನ್ನುವುದನ್ನು ಬಿಟ್ಟ. ಮುದ್ದೆಯಾದರೆ ಮುದ್ದೆ, ಅನ್ನವಾದರೆ ಅನ್ನ. ಒಂದು ತುತ್ತನ್ನು ಉಂಡೆ ಕಟ್ಟಿ ತಟ್ಟೆಯ ಅಂಚಿಗೆ ಸರಿಸಿ ಏಳುತ್ತಿದ್ದ. ನನಗೆ ಗೊಂದಲ. ಕಾನ್ವೆಂಟಿನಲ್ಲಿ ಮದರ್ ನಮ್ಮ ಪ್ಲೇಟುಗಳನ್ನು ಬಗ್ಗಿ ನೋಡಿ, ಒಂದು ಅಗುಳು ಬಿಟ್ಟರೂ "ವೇಸ್ಟಿಂಗ್ ಫುಡ್ ಈಸ್ ಎ ಸಿನ್, ಚೈಲ್ಡ್" ಎನ್ನುತ್ತಿದ್ದರು. ಮನೆಯಲ್ಲಿ ಅದನ್ನೇ ಒಪ್ಪಿಸಿದರೆ ಅಮ್ಮ, "ಅದು ಪೆರುಮಾಳು ಮಾಮನ್ದು, ಸುಮ್ಕಿರು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನನ್ನ ಬಾಲ್ಯದಲ್ಲಿ ಧರ್ಮ ಎಂದರೆ ಈ ಎರಡು ತಟ್ಟೆಗಳು.

ಮುಂದೆ ನಾನು ಗಣಿಯ ಆಸ್ಪತ್ರೆಯಲ್ಲಿ ನರ್ಸ್ ಆದೆ. ಅಪ್ಪ ಎದೆ ತುಂಬ ಗಣಿಯ ದೂಳು ತುಂಬಿಕೊಂಡು ರಿಟೈರ್ ಆಗಿ, ಬೂದಿಕೋಟೆ ಹತ್ತಿರದ ನಮ್ಮ ಹಳ್ಳಿಗೆ, ನನ್ನ ತಮ್ಮನ ಮನೆಗೆ ಹೋದ. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ಮಾರ್ಗರೆಟ್ ಬಂದರು.

ಮಾರ್ಗರೆಟ್ ಇಂಗ್ಲೆಂಡಿನವರು, ನನ್ನ ಹಾಗೆ ನರ್ಸ್ ಆಗಿದ್ದು ಆಮೇಲೆ ರಿಸರ್ಚ್ ಕಡೆಗೆ ಹೋದವರು. ಎದೆಯ ಕಾಯಿಲೆ ಬಿದ್ದ ಗಣಿಯವರಿಗೆ ಔಷಧಿಯಾಚೆ ಏನು ಆಸರೆ ಎಂಬುದು ಅವರ ವಿಷಯ. ಸ್ಪಿರಿಚುವಾಲಿಟಿ ಇನ್ ಹೆಲ್ತ್ ಕೇರ್. ನಮ್ಮ ವಾರ್ಡಿನಲ್ಲಿ ಕೆಲವು ವಾರ ಇದ್ದರು. ಅವರು ಇಂಗ್ಲಿಷಿನಲ್ಲಿ ಕೇಳುವುದನ್ನು ನಾನು ಕನ್ನಡ, ತಮಿಳು, ತೆಲುಗಿಗೆ ತಿರುಗಿಸುತ್ತಿದ್ದೆ. ಹೊರಡುವಾಗ, "ಸರೋಜ, ನಮ್ಮ ಕಡೆಯೂ ಗಣಿಗಳಿದ್ದವು. ಅಲ್ಲಿನ ಮುದುಕರನ್ನೂ ಕೇಳಬೇಕು. ನೀವು ಬನ್ನಿ" ಎಂದರು. ಕಾಗದ ಪತ್ರ ಎಲ್ಲ ಅವರೇ ಓಡಾಡಿ ಮಾಡಿಸಿದರು.

ಇದನ್ನು ಅಪ್ಪನಿಗೆ ಹೇಳುವುದು ಹೇಗೆ? ಅಧ್ಯಾತ್ಮ ಎಂದರೆ ಅವನಿಗೆ ಹರಿಕಥೆ ದಾಸರು ನೆನಪಾಗುತ್ತಿದ್ದರು. "ಕಾಯಿಲೆ ಬಿದ್ದೋರಿಗೆ ಮನಸ್ಸಿನ ಒಳಗೆ ಯಾವುದು ಆಸರೆ ಅಂತ ಕೇಳಿ ಬರ್ಕೊಳ್ಳೋದು ಅಪ್ಪ" ಎಂದೆ.

ಅಪ್ಪ ಕೆಮ್ಮಿ ಮುಗಿಸಿ, "ಅದುಕ್ಕೆ ಅಷ್ಟ್ ದೂರ ಓಗ್ಬೇಕಾ? ಕಾಯ್ಲೆ ಇಲ್ಲಿಲ್ವಾ?" ಎಂದ.

ಬಂಗಾರಪೇಟೆ ಸ್ಟೇಷನ್

ಬರಬೇಡವೆಂದರೂ ಅಪ್ಪ ಬಸ್ಸು ಹತ್ತಿ ಸ್ಟೇಷನ್ನಿಗೆ ಬಂದ. ಜೊತೆಗೆ ನನ್ನ ತಮ್ಮನ ಹೆಂಡತಿ ನಾಗರತ್ನ, ಅವಳ ಕೈಯಲ್ಲಿ ರಾಗಿಹಿಟ್ಟಿನ ಗಂಟು ಮತ್ತು ಹುಚ್ಚೆಳ್ಳು ಚಟ್ನಿಪುಡಿ. ಮದ್ರಾಸಿನ ಗಾಡಿ ತಡ. ಅಪ್ಪ ಕಲ್ಲುಬೆಂಚಿನ ಮೇಲೆ ಎರಡೂ ಕೈ ಊರಿ ಕೂತ. ಎದೆಯೊಳಗಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಆ ಸದ್ದನ್ನು ನಾನು ದಿನಾ ವಾರ್ಡಿನಲ್ಲಿ ಕೇಳುವವಳು. ಎಷ್ಟು ಕಾಲ ಉಳಿದಿದೆ ಎಂದು ಅಂದಾಜು ಮಾಡುವ ಕೆಟ್ಟ ಅಭ್ಯಾಸ ನರ್ಸುಗಳಿಗಿರುತ್ತದೆ. ನಾನು ಬೇಕೆಂದೇ ಸಿಗ್ನಲ್ ಕಡೆ ನೋಡುತ್ತಾ ಕೂತೆ.

"ನೋಡಿ ಅಕ್ಕಾ" ಎಂದಳು ನಾಗರತ್ನ, "ಡಾಕ್ಟ್ರು ಜಾಸ್ತಿ ತಿನ್ಬೇಕು ಅಂದವ್ರೆ. ಮಾವ ತಿನ್ನೋದೇ ಇಷ್ಟು. ಅದ್ರಾಗೂ ಒಂದ್ ತುತ್ತು ಎತ್ತಿಡ್ತಾರೆ. ಬೀದಿನಾಗೆಲ್ಲ ಉಚ್ಚಪ್ಪ ಅಂತ ಆಡ್ಕಂತಾರೆ. ನೀವಾದ್ರೂ ಯೋಳಿ."

"ನೀನ್ ಓಗಿ ಟೀ ತಕಂಡ್ ಬಾ ತಾಯಿ" ಎಂದು ಅಪ್ಪ ಅವಳನ್ನು ಕಳಿಸಿದ. ಅವಳು ದೂರ ಹೋಗುವವರೆಗೆ ಕಾದು, "ಸರೋಜ, ಒಂದ್ ಮಾತ್ ಕೇಳ್ಕಂಡ್ ಬತ್ತೀಯಾ?" ಎಂದ.

"ಯಾರನ್ನಪ್ಪಾ?"

"ನೀನ್ ಓಗೋದು ನಮ್ ಗಣಿ ಕ್ಯಾಪ್ಟನ್ ದೊರೆ ಊರಂತಲ್ಲ. ಅವ್ರ ಕಡೇನೂ ಗಣಿನೇ ಅಂತಿದ್ದ. ಆ ದೊರೆ ಕೆಳೀಕ್ ಇಳಿದಾಗ ಕರ್ಜಿಕಾಯಿ ತರದ್ದು ತಿಂತಿದ್ದ. ದೊಡ್ದು, ಅಂಗೈಯಗಲ. ಎಲ್ಲ ತಿಂದು ಕೊನೇ ತುದಿ ಮಾತ್ರ ಕತ್ತಲೊಳೀಕ್ ಎಸೀತಿದ್ದ. ಅಲ್ಲಿ ನಾಯಿಲ್ಲ, ಕಾಗಿಲ್ಲ. ಯಾರ್ಗೆ ಎಸೀತಾನೆ ಇವನು ಅಂತ ನಾನೂ ಪೆರುಮಾಳೂ ನಗ್ತಿದ್ದೊ. ಕೇಳಾಕ್ ಧೈರ್ಯ ಇರ್ಲಿಲ್ಲ."

ಆಮೇಲೆ ಅವತ್ತಿನ ಕತೆ ಹೇಳಿದ. ನನಗೆ ತಿಳಿದಿದ್ದದ್ದು ಅಷ್ಟಿಷ್ಟು. ಪೂರ್ತಿ ಕೇಳಿದ್ದು ಆ ಬೆಂಚಿನ ಮೇಲೇ. ಇಬ್ಬರೂ ಒಳಗೆ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಪೆರುಮಾಳು ಅನ್ನ ತಿನ್ನುವ ಮನೆಯವನು, ಅಪ್ಪನ ಮುದ್ದೆಯನ್ನು ಕಲ್ಲು ಎಂದು ಹಂಗಿಸುತ್ತಿದ್ದ, ಆದರೆ ಪಾಲು ಬಿಡುತ್ತಿರಲಿಲ್ಲ. ಕೊನೆಯ ತುತ್ತು ಉಳಿದಿದ್ದಾಗ ಮೇಸ್ತ್ರಿ ಕೂಗಿದ. ಪೆರುಮಾಳು ಎದ್ದ.

"'ಅದು ಎನಕ್ಕು ವೈ ಡಾ, ವಂದುಡ್ರೇನ್' ಅಂದ. ಅದು ನಂಗಿಡೋ, ಬಂದ್ಬಿಡ್ತೀನಿ ಅಂತ. ನಾನ್ ಇಟ್ಟೆ. ತಿರುವು ದಾಟಿ ಓದ. ಆಮೇಲೆ ದೀಪ ಎಲ್ಲ ಆರೋಯ್ತು." ಅಪ್ಪ ಉಸಿರು ಎಳೆದುಕೊಂಡ. "ಇಡು ಅಂದವ್ನೆ. ತಿನ್ನು ಅಂತ ಅವ್ನು ಬಂದು ಯೋಳ್ಲಿಲ್ಲ. ನಾನ್ ಎಂಗ್ ತಿನ್ನಾದು?"

"ಅಲ್ಲಿ ಏನು ಕೇಳಿಕೊಂಡು ಬರಲಿ ಅಪ್ಪಾ?"

"ದೊರೆಗಳೂ ಒಳಗಿರೋರ್ಗೆ ಇಡ್ತಾರಾ ಅಂತ. ಇಡ್ತಾರೆ ಅಂದ್ರೆ ನಂದು ಉಚ್ಚಲ್ಲ ಅಂತಾಯ್ತು." ಗಾಡಿ ದೂರದಲ್ಲಿ ಕೂಗಿತು. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ. "ಅದಿರ್ಲಿ. ನಾನ್ ಓದ್ಮೇಲೆ ಅವ್ನ್ಗೆ ಇಡೋರ್ಯಾರು ಮಗ?"

ನಾನು ಬಾಯಿ ತೆರೆಯುವ ಮೊದಲೇ ಗಾಡಿ ಬಂತು. ಬಂಗಾರಪೇಟೆಯಲ್ಲಿ ಗಾಡಿಗಳು ಬರುವುದು ತಡ, ಹೊರಡಲು ಮಾತ್ರ ಅವಸರ. ನಾಗರತ್ನ ಟೀ ಚೆಲ್ಲಿಕೊಂಡು ಓಡಿಬಂದಳು. ಗಂಟು, ಸೂಟ್‌ಕೇಸು, ನಾನು, ಎಲ್ಲರನ್ನೂ ಒಟ್ಟಿಗೆ ಒಳಗೆ ತಳ್ಳಿದರು.

ಕಡಲ ಬದಿಯ ಊರು

ಕಾರ್ನ್‌ವಾಲ್ ಎಂಬುದು ಇಂಗ್ಲೆಂಡಿನ ಕಾಲ್ಬೆರಳ ತುದಿ. ಆಚೆ ಬರೀ ಕಡಲು. ಮಾರ್ಗರೆಟ್ ನನಗೆ ಒಬ್ಬ ವಿಧವೆಯ ಮನೆಯಲ್ಲಿ ರೂಮು ನೋಡಿದ್ದರು. ಅವರ ಹೆಸರು ಐವಿ.

ಮೊದಲನೆಯ ದಿನವೇ ಅವಮಾನವಾಯಿತು ಎಂದುಕೊಂಡೆ. ಬಸ್ಸು ಹತ್ತಿದ ಕೂಡಲೇ ಡ್ರೈವರ್, ನನ್ನ ತಮ್ಮನ ವಯಸ್ಸಿನವನು, "ಎಲ್ಲಿಗೆ, ಮೈ ಲವರ್?" ಎಂದ. ನಾನು ಸೆರಗು ಹೊದ್ದು, ಮಾತಾಡದೆ ಇಳಿದುಬಿಟ್ಟೆ. ಚಳಿಯಲ್ಲಿ ನಡೆದುಕೊಂಡೇ ಮನೆ ಸೇರಿದೆ. ಐವಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಡೆ ಅಂಗಡಿಯವನು ಅಜ್ಜಿಯರನ್ನೂ ಹಾಗೇ ಕರೆಯುತ್ತಾನಂತೆ, ನಾವು ಗುರುತಿಲ್ಲದವರನ್ನು ಅಕ್ಕ, ತಾಯಿ ಎನ್ನುವ ಹಾಗೆ. ಮರುದಿನ ಅದೇ ಡ್ರೈವರ್ ಹಾಗೇ ಕರೆದ. ನಾನು ಮೆಲ್ಲಗೆ "ಆಸ್ಪತ್ರೆಗಪ್ಪಾ" ಎಂದೆ, ಕನ್ನಡದಲ್ಲೇ. ಇಬ್ಬರಿಗೂ ಲೆಕ್ಕ ಸರಿಹೋಯಿತು.

ಇನ್ನೊಂದು ಆಶ್ಚರ್ಯ ಅವರ ಇಂಗ್ಲಿಷು. ನಮ್ಮ ಕಡೆ ಹೋಗು ಎನ್ನುವುದನ್ನು ಓಗು ಎನ್ನುತ್ತಾರಲ್ಲ, ಅವರೂ ಹೌಸ್ ಎನ್ನುವುದನ್ನು ಔಸ್ ಎನ್ನುತ್ತಾರೆ. ಆ ಒಂದು ಹಕಾರ ಕಲಿಸಲು ಕಾನ್ವೆಂಟಿನ ಸಿಸ್ಟರ್ ನನ್ನ ಅಂಗೈಗೆ ಎಷ್ಟು ರೂಲರ್ ಏಟು ಕೊಟ್ಟಿದ್ದರು! ಇಷ್ಟು ದೂರ ಬಂದರೆ ಇಲ್ಲಿ ಅಪ್ಪಟ ಇಂಗ್ಲಿಷರಿಗೇ ಅದು ಬೇಡವಾಗಿತ್ತು. ಆ ಮುದುಕರ ಮಾತು ನನ್ನ ಕಿವಿಗೆ ನಮ್ಮ ಬೂದಿಕೋಟೆ ಬಸ್‌ಸ್ಟಾಂಡಿನ ಮಾತಿನ ಹಾಗೇ ಕೇಳುತ್ತಿತ್ತು. ಇಲ್ಲಿ ಹಾಗೇ ಬರೆಯುತ್ತೇನೆ.

ಐವಿಯ ಅಡಿಗೆಮನೆಯಲ್ಲಿ ಮುದ್ದೆ ಮಾಡಲು ಹೋಗಿ ಅವರ ಪಾತ್ರೆಯ ತಳ ಹತ್ತಿಸಿದೆ. ಅವರು ಬಗ್ಗಿ ನೋಡಿ, ಬೆರಳಿನಿಂದ ಒತ್ತಿ, "ಇದರಲ್ಲಿ ಗೋಡೆ ಕಟ್ಟುತ್ತೀರಾ?" ಎಂದರು. ಪೆರುಮಾಳು ನೆನಪಾದ. ಪಾತ್ರೆ ಉಜ್ಜುವ ನೆಪದಲ್ಲಿ ಅವರಿಗೆ ಬೆನ್ನು ಮಾಡಿ ನಿಂತೆ.

ಕಿಟಕಿಯಿಂದ ಗುಡ್ಡದ ಮೇಲೆ ಕಲ್ಲಿನ ಪಾಳು ಕಟ್ಟಡ, ಪಕ್ಕದಲ್ಲಿ ಹೊಗೆಯಿಲ್ಲದ ಚಿಮಣಿ. ಗಣಿಯ ನೀರೆತ್ತುವ ಎಂಜಿನ್ ಇದ್ದ ಮನೆಯಂತೆ ಅದು. ಅಂಥವು ದಿಕ್ಕು ದಿಕ್ಕಿಗೆ. ಗಣಿಯ ಮಣ್ಣಿನ ರಾಶಿಗಳೂ ಇದ್ದವು, ಚಿನ್ನ ತೆಗೆದ ಮೇಲೆ ಉಳಿಯುವ ನಮ್ಮ ಸೈನೈಡ್ ದಿಬ್ಬಗಳ ಹಾಗೆ, ಆದರೆ ಮೇಲೆ ಹುಲ್ಲು. ಗಣಿ ಸತ್ತ ಮೇಲೆ ಊರು ಹೇಗಿರುತ್ತದೆ ಎಂದು ನಾನು ಮೊದಲು ಕಂಡದ್ದು ಅಲ್ಲಿ. ತುಂಬಾ ಶಾಂತ. ಮುದುಕರು ಕಡಲ ಕಡೆ ಮುಖ ಮಾಡಿ ಬೆಂಚುಗಳ ಮೇಲೆ ಕೂತಿರುತ್ತಿದ್ದರು. ನಮ್ಮೂರ ಗಣಿಯ ಸೈರನ್ ಕೂಡ ಒಂದು ದಿನ ನಿಂತುಹೋಗುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ವಾರ್ಡು

ಆಸ್ಪತ್ರೆ ಪುಟ್ಟದು. ನಮ್ಮ ಕಡೆ ಒಬ್ಬ ರೋಗಿಯ ಮಂಚದ ಸುತ್ತ ಅತ್ತೆ, ನಾದಿನಿ, ಟಿಫನ್ ಕ್ಯಾರಿಯರ್, ಮುನೇಶ್ವರನ ಕುಂಕುಮ, ಮೇಲಿಂದ ಪಕ್ಕದ ಮನೆಯವರ ಸಲಹೆ. ಅಲ್ಲಿ ಮಂಚಕ್ಕೊಂದು ಪರದೆ, ಪರದೆಗೊಂದು ಮೌನ. ನೋಡಲು ಬಂದವರು ಕೋಟು ಬಿಚ್ಚದೆ ಕೂತು, ಹವಾಮಾನದ ಮಾತಾಡಿ ಹೋಗುತ್ತಿದ್ದರು.

ಮಾರ್ಗರೆಟ್ ಮೊದಲೇ ಹೇಳಿದ್ದರು, "ನಾವು ಕೇಳಬೇಕು, ಬರೆದುಕೊಳ್ಳಬೇಕು. ನಮ್ಮ ಮಾತು ಅವರ ಬಾಯಿಗೆ ಹಾಕಬಾರದು." ಪ್ರಶ್ನೆಗಳು ಚೆನ್ನಾಗೇ ಇದ್ದವು. ನಿಮ್ಮ ಧರ್ಮ ಯಾವುದು, ಪ್ರಾರ್ಥಿಸುತ್ತೀರಾ, ಕಷ್ಟದಲ್ಲಿ ಯಾರನ್ನು ನೆನೆಯುತ್ತೀರಿ, ನಿಮ್ಮ ಬದುಕಿಗೆ ಅರ್ಥವಿದೆ ಅನಿಸುತ್ತದೆಯೇ. ತಮಾಷೆಗೆ ಅವನ್ನು ನನಗೇ ಹಾಕಿಕೊಂಡೆ. ಹಿಂದೂ, ಆದರೆ ಹೆದರಿಕೆಯಾದಾಗ ಬಾಯಿಗೆ ಬರುವುದು ಕಾನ್ವೆಂಟಿನ ಪ್ರೇಯರ್. ಇದಕ್ಕೆ ಎಲ್ಲಿ ಟಿಕ್ ಹಾಕುವುದು?

ಕಿಟಕಿ ಪಕ್ಕದ ಮಂಚದಲ್ಲಿ ವಿಲ್ ಎಂಬ ಮುದುಕರಿದ್ದರು. ತವರದ, ಅಂದರೆ ಟಿನ್ನಿನ, ಗಣಿಯಲ್ಲಿ ದುಡಿದವರು, ಎದೆಯಲ್ಲಿ ಅಪ್ಪನದೇ ಸಿಳ್ಳೆ. ನಾನು ಕೇಳಿದ ಒಂದೊಂದಕ್ಕೂ ಅವರದು ಒಂದೇ ಉತ್ತರ.

"ಧರ್ಮ?"

"ಇಲ್ಲ."

"ಪ್ರಾರ್ಥನೆ?"

"ಇಲ್ಲ ಕಣಮ್ಮ."

"ಕಷ್ಟ ಬಂದಾಗ?"

"ಬಯ್ತೀನಿ."

ಪಾದ್ರಿಗಳು ಬಂದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಅಂದು ಸಂಜೆ ಮಾರ್ಗರೆಟ್ ನನ್ನ ಹಾಳೆ ನೋಡಿ ನಿಟ್ಟುಸಿರಿಟ್ಟರು. "ಇವರಿಗೆ ಆ ಬಗೆಯ ಆಸರೆ ಏನೂ ಇದ್ದಂತಿಲ್ಲ, ಸರೋಜ." ನಾನೂ ಹಾಗೇ ಅಂದುಕೊಂಡಿದ್ದೆ.

ವಿಲ್ ಬಗ್ಗೆ ವಾರ್ಡಿನಲ್ಲಿ ಒಂದು ದೂರು ಇತ್ತು. ತೂಕ ಇಳಿಯುತ್ತಿದೆ, ಪ್ಲೇಟು ಖಾಲಿ ಮಾಡುವುದಿಲ್ಲ. ಹೀಗೇ ಆದರೆ ಪೇಟೆಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ವಿಲ್‌ಗೆ ಈ ಕಿಟಕಿ ಬಿಟ್ಟು ಹೋಗುವ ಮನಸ್ಸಿಲ್ಲ. ಅಲ್ಲಿಂದ ಅವರ ಗಣಿಯ ಚಿಮಣಿ ಕಾಣುತ್ತಿತ್ತು. ಜೂನ್ ಎಂಬ ಎಳೆಯ ನರ್ಸ್, ಬಹಳ ಮೃದು ಹುಡುಗಿ, ಅವರನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಪ್ರತಿ ಊಟಕ್ಕೂ ಪಕ್ಕದಲ್ಲೇ ಕೂತು ಒತ್ತಾಯ ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಊಟಕ್ಕೆ ಪೇಸ್ಟಿ ಎಂಬ ಅಲ್ಲಿನ ತಿಂಡಿ ಬಂತು. ನಾನು ಹಾಳೆ ಕೆಳಗಿಟ್ಟು ನೋಡಿದೆ. ಅರ್ಧಚಂದ್ರಾಕಾರ, ಅಂಚಿನಲ್ಲಿ ದಪ್ಪ ಮಡಿಕೆ, ಒಳಗೆ ಆಲೂಗಡ್ಡೆ ಮಾಂಸ. ಕರ್ಜಿಕಾಯಿ ತರದ್ದು, ದೊಡ್ಡದು, ಅಂಗೈಯಗಲ! ವಿಲ್ ನಿಧಾನವಾಗಿ, ನಡುನಡುವೆ ಉಸಿರು ಹಿಡಿದುಕೊಂಡು ತಿಂದರು. ಕೊನೆಯ ಮಡಿಕೆಯ ತುದಿಯನ್ನು ಮುರಿದು ತಟ್ಟೆಯ ಅಂಚಿಗೆ ಸರಿಸಿದರು.

ಆ ಸರಿಸುವ ಬಗೆ ನನಗೆ ಗೊತ್ತಿತ್ತು. ಸಾಕಾದವರು ತಟ್ಟೆಯನ್ನೇ ದೂಡುತ್ತಾರೆ. ಇದು ಹಾಗಲ್ಲ. ಇದು ಮಗುವಿಗೆ ಎತ್ತಿಡುವ ಹಾಗೆ.

"ಇಷ್ಟೇ ಇಷ್ಟು, ವಿಲ್, ನನಗೋಸ್ಕರ" ಎಂದು ಜೂನ್ ಆ ತುದಿಯನ್ನು ಹಾಲಿನಲ್ಲಿ ಅದ್ದಿ ಅವರ ಬಾಯಿಗೆ ಹಿಡಿದಳು. ವಿಲ್ ತುಟಿ ಬಿಗಿದರು. ಅವಳು ಅಕ್ಕರೆಯಿಂದಲೇ ಒತ್ತಿದಳು. ಮುದುಕರು ಕೈ ಬೀಸಿದರು, ಹಾಲಿನ ಬಟ್ಟಲು ನೆಲಕ್ಕೆ ಬಿತ್ತು. ಅವರು ಅಳುತ್ತಿದ್ದರು. ಏಕೆಂದು ತಿಳಿಯದೆ ಜೂನ್ ಕೂಡ ಅಳುತ್ತಾ ನೆಲ ಒರೆಸಲು ಬಟ್ಟೆ ತರಲು ಓಡಿದಳು.

ಮಾತು ಬೆರೆಸಬಾರದು ಎಂಬ ನಿಯಮ ನನಗೆ ನೆನಪಿತ್ತು. ಆದರೂ ಸ್ಟೂಲು ಎಳೆದುಕೊಂಡು ಕೂತೆ. ಪ್ರಶ್ನೆಯ ಹಾಳೆ ಮಡಚಿ ಚೀಲಕ್ಕೆ ಹಾಕಿದೆ. "ನಮ್ಮಪ್ಪನೂ ಕೊನೆಯ ತುತ್ತು ಬಿಡ್ತಾನೆ" ಎಂದೆ. ಬಂಗಾರದ ಗಣಿ, ಕ್ಯಾಪ್ಟನ್ ದೊರೆ ಎಸೆಯುತ್ತಿದ್ದ ತುದಿ, ಪೆರುಮಾಳು ಎದ್ದುಹೋದದ್ದು, ಎಲ್ಲ ಹೇಳಿದೆ. "ನೀವು ಯಾರಿಗೆ ಇಡ್ತೀರಿ ಅಂತ ಕೇಳ್ಕೊಂಡು ಬಾ ಅಂದಿದ್ದಾನೆ."

ವಿಲ್ ಚಿಮಣಿಯ ಕಡೆ ತಿರುಗಿದರು.

"ಯಾರ್ಗೋ, ನಂಗೇನ್ ಗೊತ್ತು? ನಮ್ಮಪ್ಪ ಇಡ್ತಿದ್ದ, ನಾನೂ ಇಡ್ತೀನಿ. ಒಳಗೆ ಗೋಡೆ ತಟ್ಟೋರು ಅವ್ರೆ ಅಂತ ನಮ್ಮಜ್ಜಿ ಅಂತಿದ್ಲು. ಚಿಕ್ಕ ಚಿಕ್ಕೋರಂತೆ, ಗಣಿ ದೆವ್ವಗಳಂತೆ. ನಾನ್ ನಂಬಲ್ಲ." ಉಸಿರು ಎಳೆದುಕೊಂಡರು. "ಆದ್ರೂ ಯಾರಾನಾ ಇದ್ರೆ? ಗಣಿ ಮುಚ್ದಾಗ ಪಂಪು ನಿಲ್ಸ್‌ಬಿಟ್ರು. ಈಗ ಒಳಗೆಲ್ಲ ನೀರು. ಆ ಕತ್ಲಾಗೆ, ಆ ನೀರಾಗೆ, ಅಸ್ಕಂಡ್ ಇರ್ಬಾರ್ದು."

ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮಪ್ಪಂಗೆ ಎಸ್ರಾದ್ರೂ ಗೊತ್ತು. ಪುಣ್ಯವಂತ."

ಸಭೆ

ಆ ವಾರ ಮಾರ್ಗರೆಟ್ ತಂಡದ ಎದುರು ಇದನ್ನು ಹೇಳಿದೆ. ಒಬ್ಬ ಡಾಕ್ಟರು ಇದು ಊಟೋಪಚಾರಕ್ಕೆ ಸೇರಿದ್ದು ಎಂದರು. ಇನ್ನೊಬ್ಬರು ಜಾನಪದ ಎಂದರು. ಮಾರ್ಗರೆಟ್ ಪೆನ್ನು ಹಿಡಿದುಕೊಂಡೇ, "ಯಾವ ಹೆಡ್ಡಿಂಗ್ ಕೆಳಗೆ ಬರೆಯಲಿ, ಸರೋಜ?" ಎಂದು ಕೇಳಿದರು. ಅವರದು ಕುಹಕವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. "ಧರ್ಮ ಇಲ್ಲ ಅಂತ ಬರೆದದ್ದು ಹಾಗೇ ಇರಲಿ, ಅದು ಅವರ ಮಾತು. ಆದರೆ ಆ ತಟ್ಟೆಯನ್ನು ಯಾರೂ ಬೇಗ ತೆಗೆಯಬೇಡಿ ಅಂತ ಹೇಳಿ" ಎಂದೆ.

ಅಷ್ಟು ಮಾಡಿದರು. ಮಾರ್ಗರೆಟ್ ಖುದ್ದಾಗಿ ವಾರ್ಡಿಗೆ ಹೋಗಿ ಮಾತಾಡಿದರು. ವಿಲ್ ಮಂಚದ ಬಳಿ ಒಂದು ಸಾಸರ್ ಇಟ್ಟರು, ಕೊನೆಯ ತುದಿ ಅದಕ್ಕೆ. ಪೇಟೆಗೆ ಕಳಿಸುವ ಮಾತೂ ನಿಂತಿತು. ಇದರಿಂದ ವಿಲ್ ಗೆಲುವಾದರು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ತೂಕ ಇಳಿಯುತ್ತಲೇ ಹೋಯಿತು. ತುತ್ತೊಂದನ್ನು ಬಿಟ್ಟಿದ್ದಕ್ಕಲ್ಲ, ಆ ಕಾಯಿಲೆಯೇ ಹಾಗೆ. ಆದರೆ ಊಟದ ಹೊತ್ತಿನ ಜಗಳ ನಿಂತಿತ್ತು. ಜೂನ್ ಪಕ್ಕದಲ್ಲಿ ಕೂತು ತನ್ನ ಮದುವೆಯ ಸುದ್ದಿ ಹೇಳುತ್ತಿದ್ದಳು. ಮುದುಕರು ಅವಳ ಹುಡುಗನ ಫೋಟೋ ನೋಡಿ, "ಇವ್ನಾ? ಕಿವಿ ನೋಡು, ಗಾಳಿಗೆ ಆರೋಯ್ತಾನೆ, ಕಟ್ಟಾಕ್ಕೋ" ಎಂದು ಕಾಡಿಸುತ್ತಿದ್ದರು.

ಒಂದು ಸಂಜೆ ನಾನು ಹೋದಾಗ ಸಾಸರಿನಲ್ಲಿ ಎರಡು ಚೂರು ಇದ್ದವು.

"ಒಂದು ನಮ್ಮೋರ್ಗೆ, ಯಾರಿದ್ರೆ ಅವ್ರಿಗೆ" ಎಂದರು ವಿಲ್. "ಇನ್ನೊಂದು ನಿಮ್ಮೋನ್ಗೆ. ಏನವ್ನ ಎಸ್ರು?"

"ಪೆರುಮಾಳು."

ಆ ಹೆಸರು ಅವರ ನಾಲಿಗೆಗೆ ಒಗ್ಗಲಿಲ್ಲ. ಎರಡು ಮೂರು ಸಲ ಪ್ರಯತ್ನಿಸಿ, ಸೋತು, ಚೂರನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ನಾನು ಹೊರಡುವ ಮುಂಚಿನ ಭಾನುವಾರ ಅವರು ತೀರಿಕೊಂಡರು. ಮಂಚದ ಹಾಸಿಗೆ ಬದಲಾಯಿಸಿ ಆಗಿತ್ತು. ಜೂನ್ ಸಾಸರ್ ಹಿಡಿದುಕೊಂಡು ನಿಂತಿದ್ದಳು, ಅದರಲ್ಲಿ ಬ್ರೆಡ್ಡಿನ ಅಂಚು. "ಇದನ್ನು ಕಸಕ್ಕೆ ಹಾಕಲು ಕೈ ಬರುತ್ತಿಲ್ಲ" ಎಂದಳು. ನಮ್ಮಲ್ಲಿ ಕಾಗೆಗೆ ಇಡುತ್ತೇವೆ ಎಂದೆ. ಕಾಗೆ ಎಲ್ಲಿ ಹುಡುಕುವುದು? ಇಬ್ಬರೂ ಹೊರಗೆ ಹೋಗಿ ಕಾಂಪೌಂಡಿನ ಗೋಡೆಯ ಮೇಲೆ ಇಟ್ಟೆವು. ಕಡಲ ಹಕ್ಕಿಯೊಂದು ಎಲ್ಲಿತ್ತೋ, ಎರಗಿ ಎತ್ತಿಕೊಂಡು ಹೋಯಿತು. ನಮ್ಮ ಕಾಗೆಗಳ ಹಾಗೆ ಬಿಗುಮಾನ ತೋರಲಿಲ್ಲ, ಏನು ಆಸೆ ಉಳಿದಿತ್ತೋ ಎಂದು ಹೆದರಿಸಲಿಲ್ಲ. ಜೂನ್ ಎಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಅವಳ ತಲೆ ಸವರಿ, "ಸುಮ್ನಿರು ಮಗ" ಎಂದೆ. ಅದು ಅವಳಿಗೆ ಅರ್ಥವಾಯಿತು.

ಬೂದಿಕೋಟೆ ದಾರಿ

ಬಂಗಾರಪೇಟೆಯಲ್ಲಿ ಇಳಿದವಳು ಆಸ್ಪತ್ರೆಯ ಕ್ವಾರ್ಟರ್ಸಿಗೆ ಹೋಗದೆ ಸೀದಾ ಬೂದಿಕೋಟೆ ಬಸ್ಸು ಹತ್ತಿದೆ. ಅಪ್ಪ ಇದ್ದಾನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಮನಸ್ಸು ಕೇಳುತ್ತಿತ್ತು. ಇದ್ದ. ಜಗಲಿಯ ಮೇಲೆ ಹಾಸಿಗೆ, ಬೆನ್ನಿಗೆ ಎರಡು ದಿಂಬು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಕೂತೇ ಇರುತ್ತಿದ್ದ.

"ಗಂಜಿ ಬಿಟ್ರೆ ಏನೂ ಇಳಿಯಲ್ಲ ಅಕ್ಕಾ" ಎಂದಳು ನಾಗರತ್ನ. ಅವಳು ಸೊರಗಿದ್ದಳು. ಗದರುತ್ತಲೇ ಅವನನ್ನು ಮಗುವಿನ ಹಾಗೆ ನೋಡಿಕೊಂಡಿದ್ದಳು, ಹಾಸಿಗೆ ನೋಡಿದರೇ ಗೊತ್ತಾಗುತ್ತಿತ್ತು. "ಅದ್ರಾಗೂ ಕೊನೇ ಗುಟುಕು ಬಿಡ್ತಾರೆ."

ಅಪ್ಪ ನನ್ನನ್ನೇ ನೋಡುತ್ತಿದ್ದ. ಊರು ಹೇಗಿತ್ತು, ಚಳಿ ಎಷ್ಟಿತ್ತು, ಏನೂ ಕೇಳಲಿಲ್ಲ. "ಕೇಳ್ದಾ?" ಎಂದ.

"ಕೇಳಿದೆ ಅಪ್ಪಾ. ಅಲ್ಲೂ ಇಡ್ತಾರೆ."

"ಒಳಗಿರೋರ್ಗಾ?"

"ಒಳಗಿರೋರಿಗೇ. ಯಾರು ಅಂತ ಅವರಿಗೆ ಗೊತ್ತಿಲ್ಲ, ಆದರೂ ಇಡ್ತಾರೆ." ವಿಲ್ ಕತೆ ಹೇಳಿದೆ. ಸಾಸರಿನಲ್ಲಿ ಎರಡು ಚೂರು ಇದ್ದ ಸಂಜೆ ಹೇಳಿದೆ. "ಒಂದು ಪೆರುಮಾಳು ಮಾಮನಿಗೆ ಅಂತ ಇಟ್ಟಿದ್ದರು."

ಅಪ್ಪನ ಮುಖದಲ್ಲಿ ಏನೋ ಸಡಿಲವಾಯಿತು. ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ರೊಟ್ಟಿ ತುದಿನಾ?" ಎಂದ. "ಸಾರಿಲ್ದೆ ಅವ್ನ ಗಂಟ್ಲಾಗೆ ಇಳಿಯಲ್ಲ ಕಣೇ."

ಸ್ವಲ್ಪ ಹೊತ್ತಿಗೆ ಮುಖ ಮತ್ತೆ ಬಾಡಿತು. ಪಕ್ಕದಲ್ಲಿದ್ದ ಗಂಜಿಯ ಲೋಟ ತೋರಿಸಿ, "ಈಗ ನೋಡು, ನನ್ ದೆಸೆಯಿಂದ ಅವ್ನ್ಗೂ ಗಂಜಿನೇ ಗತಿಯಾಯ್ತು. ಗುಟುಕು ಬಿಟ್ರೆ ಅದೇನ್ ತುತ್ತಾ? ನೀರ್ ಚೆಲ್ದಂಗೆ" ಎಂದ.

ನಾನು ನಾಗರತ್ನಳನ್ನು ಕರೆದು ಹಸಿವಾಗಿದೆ ಎಂದೆ. ಅವಳು ಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಅಪ್ಪನ ಪಕ್ಕದಲ್ಲೇ, ಜಗಲಿಯ ಮೇಲೆ ಕೂತು ಉಂಡೆ. ಎಷ್ಟೋ ದಿನದ ಮೇಲೆ ಮುದ್ದೆ. ಒಂದು ತುತ್ತು ಉಳಿದಾಗ ಅದನ್ನು ಉಂಡೆ ಮಾಡಿ ತಟ್ಟೆಯ ಅಂಚಿಗೆ ಸರಿಸಿದೆ. ಅಪ್ಪನ ಮುಖ ನೋಡಲಿಲ್ಲ. ನೋಡಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

"ಅಯ್ಯೋ ಅಕ್ಕಾ, ನೀವೂನಾ?" ಎಂದು ನಾಗರತ್ನ ತಟ್ಟೆಗೆ ಕೈ ಹಾಕಿದಳು. "ಸಾರ್ ಚೆನ್ನಾಗಿಲ್ವಾ?"

ದಿಂಬಿನಿಂದ ಅಪ್ಪ ಮುಂದಕ್ಕೆ ಬಾಗಿದ. ಅಷ್ಟು ಬಲ ಎಲ್ಲಿಂದ ಬಂತೋ, ಅವಳ ಕೈ ತಡೆದ. "ತೆಗೀಬ್ಯಾಡ ಕಣಮ್ಮ. ಅದು ಅವ್ನ್ದು." ಆಮೇಲೆ ನನಗೆ, "ಒಸಿ ಸಾರ್ ಆಕು" ಎಂದ.

ಬಟ್ಟಲಲ್ಲಿ ಉಳಿದಿದ್ದ ಸಾರನ್ನು ಆ ತುತ್ತಿನ ಮೇಲೆ ಹಾಕಿದೆ. ಅಪ್ಪ ಅದನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆಯೇ ನನಗೆ ಡ್ಯೂಟಿ. ಊರ ಮುಂದೆ ಬಸ್ಸಿನ ಹಾರನ್ ಕೇಳಿತು. "ಕೈ ತೊಳ್ಕೊ ಮಗ, ಬಸ್ ಓಯ್ತದೆ" ಎಂದ ಅಪ್ಪ. ಭಾನುವಾರ ಬರುತ್ತೇನೆ ಎಂದೆ. ಹೂಂಗುಟ್ಟಿದ. ಆ ಭಾನುವಾರದವರೆಗೆ ಅವನು ಇರಲಿಲ್ಲ.

ಬೀದಿಯ ತಿರುವಿನಲ್ಲಿ ತಿರುಗಿ ನೋಡಿದೆ. ಕೋಳಿಯೊಂದು ಜಗಲಿ ಹತ್ತುತ್ತಿತ್ತು. ಅಪ್ಪನನ್ನು ನಾನು ಕೊನೆಯದಾಗಿ ಕಂಡದ್ದು ಹಾಗೆ. ದಿಂಬು ಬಿಟ್ಟು ಮುಂದಕ್ಕೆ ಬಾಗಿ, ನನ್ನ ತಟ್ಟೆಯ ಮೇಲೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಕೋಳಿಯನ್ನು ಅಟ್ಟುತ್ತಿದ್ದ.